ಯಾರೂ ಆಡದ ಹಿಟ್ಟೈಟ್ ಭಾಷೆ ಅರ್ಥವಾಗಿದ್ದು ಹೇಗೆ?

ಪ್ರಶ್ನೆ: ಈಗಿನ ಟರ್ಕಿಯಲ್ಲಿದ್ದ ಹಳೆಯ ರಾಜ್ಯವೊಂದರ ಹಿಟ್ಟೈಟ್ ಭಾಷೆ ಸತ್ತು ಮೂರು ಸಾವಿರ ವರ್ಷ ಆಯಿತು ಅಂತಾರೆ. ಹೇಳಿಕೊಡಲು ಒಬ್ಬರೂ ಉಳಿದಿಲ್ಲ. ಹಾಗಿದ್ದ ಮೇಲೆ ಅದರ ಅರ್ಥ ಗೊತ್ತಾಗಿದ್ದು ಹೇಗೆ? ಎಲ್ಲ ಸುಮ್ನೆ ಊಹೆ ಅಲ್ವಾ?

ಶುರುವಾಗಿದ್ದು ಊಹೆಯಿಂದಲೇ, ನಿಜ. ಆದರೆ ಆ ಊಹೆಯನ್ನು ಸಾವಿರಾರು ಸಾಲುಗಳ ಮೇಲೆ ಒರೆಗೆ ಹಚ್ಚಿದ್ದಾರೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಲಿಪಿ ಬೇರೆ, ಭಾಷೆ ಬೇರೆ. ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪುಸ್ತಕ ನಿಮ್ಮ ಕೈಗೆ ಸಿಕ್ಕಿತು ಅನ್ನಿ. ಕೊಂಕಣಿ ಬಾರದಿದ್ದರೂ ಗಟ್ಟಿಯಾಗಿ ಓದಬಹುದು. ಅರ್ಥ ಮಾತ್ರ ಆಗುವುದಿಲ್ಲ. ಹಿಟ್ಟೈಟ್ ಓದಲು ಹೊರಟ ವಿದ್ವಾಂಸರ ಪಾಡೂ ಇದೇ ಆಗಿತ್ತು. 1906ರಲ್ಲಿ ಹ್ಯೂಗೊ ವಿಂಕ್ಲರ್ ಮತ್ತು ಥಿಯೊಡೊರ್ ಮಕ್ರಿಡಿ ಈಗಿನ ಟರ್ಕಿಯ ಬೊಗಜ್‌ಕೊಯ್ ಊರಿನ ಬಳಿ ಅಗೆಸಿದರು. ಅಲ್ಲಿ ಸಿಕ್ಕಿದ್ದು ಹಿಟ್ಟೈಟ್ ರಾಜಧಾನಿ ಹತ್ತುಶಾ, ಅದರ ಜೊತೆಗೆ ರಾಶಿ ರಾಶಿ ಜೇಡಿಮಣ್ಣಿನ ಹಲಗೆಗಳು. ಇವತ್ತಿಗೆ ಚೂರುಗಳೂ ಸೇರಿ ಅವು ಸುಮಾರು 30,000. ಅವುಗಳ ಮೇಲಿದ್ದದ್ದು ಮೆಸೊಪೊಟೇಮಿಯದಿಂದ (ಈಗಿನ ಇರಾಕ್ ಕಡೆಯಿಂದ) ಬಂದ, ಬೆಣೆ ಒತ್ತಿದ ಹಾಗೆ ಕಾಣುವ ಕ್ಯೂನಿಫಾರ್ಮ್ ಲಿಪಿ. ಅದೇ ಲಿಪಿಯಲ್ಲಿ ಬರೆದ, ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯನ್ನು ಅದಕ್ಕೆ ಎಷ್ಟೋ ವರ್ಷ ಮೊದಲೇ ಓದಿ ಆಗಿತ್ತು. ಹಾಗಾಗಿ ಉಚ್ಚಾರ ಹೆಚ್ಚುಕಡಿಮೆ ಗೊತ್ತಿತ್ತು. ಬೀಗ ಬಿದ್ದಿದ್ದು ಅರ್ಥಕ್ಕೆ.

ಈ ಬೀಗ ತೆಗೆದವರು ಚೆಕ್ ವಿದ್ವಾಂಸ ಬೆಡ್ರಿಖ್ ಹ್ರೋಜ್ನಿ. 1914ರಲ್ಲಿ ಇಸ್ತಾಂಬುಲ್ ಮ್ಯೂಸಿಯಂನಲ್ಲಿ ಕೂತು ಹಲಗೆಗಳನ್ನು ನಕಲು ಮಾಡಿಕೊಂಡರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು, ಅವರನ್ನು ಸೈನ್ಯಕ್ಕೆ ಸೇರಿಸಿಕೊಂಡರು. ಆ ನಡುವೆಯೂ ಅವರು ಕೆಲಸ ಬಿಡಲಿಲ್ಲ. ಅವರಿಗೆ ಹಿಡಿತ ಕೊಟ್ಟಿದ್ದು ಈ ಒಂದು ಸಾಲು:

ನು ನಿಂದಾ-ಅನ್ ಎಟ್ಸಾತ್ತೆನಿ ವಾತರ್-ಮ ಎಕುತ್ತೆನಿ.

ಇದರಲ್ಲಿ ಹ್ರೋಜ್ನಿಗೆ ಮೊದಲೇ ಗೊತ್ತಿದ್ದದ್ದು 'ನಿಂದಾ' ಒಂದೇ. ಅದು ಹಿಟ್ಟೈಟ್ ಪದವೇ ಅಲ್ಲ, ರೊಟ್ಟಿಗೆ ಬಳಸುವ, ಮೆಸೊಪೊಟೇಮಿಯದ ಇನ್ನೊಂದು ಹಳೆಯ ಭಾಷೆಯಾದ ಸುಮೇರಿಯನ್‌ನ ಚಿಹ್ನೆ. ನಾವು '10ಕ್ಕೆ' ಅಂತ ಬರೆದು 'ಹತ್ತಕ್ಕೆ' ಅಂತ ಓದುತ್ತೇವಲ್ಲ, ಹಾಗೆ. ಅಂಕಿ ಎಲ್ಲರದ್ದು, ಬಾಲದ 'ಕ್ಕೆ' ನಮ್ಮದು. ಹಿಟ್ಟೈಟ್ ಬರಹಗಾರರೂ ರೊಟ್ಟಿಯ ಚಿಹ್ನೆ ಒತ್ತಿ, ತಮ್ಮ ಭಾಷೆಯ '-ಅನ್' ಪ್ರತ್ಯಯ ಅಂಟಿಸುತ್ತಿದ್ದರು. ಅದು ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತದೆ.

ರೊಟ್ಟಿಯನ್ನು ಏನು ಮಾಡುತ್ತಾರೆ? ತಿನ್ನುತ್ತಾರೆ. 'ಎಟ್ಸಾ' ನೋಡಿದರೆ ಜರ್ಮನ್‌ನ 'ಎಸ್ಸೆನ್' ನೆನಪಾಗುತ್ತದೆ, ಅಂದರೆ ತಿನ್ನು. ಪಕ್ಕದಲ್ಲೇ 'ವಾತರ್', ಇಂಗ್ಲಿಷಿನ ವಾಟರ್ ಥರವೇ ಕೇಳುತ್ತದೆ. ನೀರಾದರೆ ಮುಂದಿನ ಕ್ರಿಯಾಪದ 'ಕುಡಿ' ಆಗಿರಬೇಕು. ಎರಡು ಕ್ರಿಯಾಪದಕ್ಕೂ ಒಂದೇ ಬಾಲ, '-ತ್ತೆನಿ'. ನಮ್ಮ 'ತಿನ್ನುತ್ತೀರಿ, ಕುಡಿಯುತ್ತೀರಿ' ಹಾಗೆಯೇ. (ಸದ್ದಿನ ಈ ಹೋಲಿಕೆ ಬರೀ ಕಾಕತಾಳೀಯ. ಕನ್ನಡ ದ್ರಾವಿಡ ಭಾಷೆ, ಹಿಟ್ಟೈಟ್ ಬೇರೆ ಕುಟುಂಬದ್ದು.) ಅರ್ಥ ಬಂತು: ಈಗ ನೀವು ರೊಟ್ಟಿಯನ್ನು ತಿನ್ನುತ್ತೀರಿ, ನೀರು ಕುಡಿಯುತ್ತೀರಿ.

ಇಲ್ಲಿಂದ ಮುಂದಿನದ್ದು ನನಗೆ ತುಂಬಾ ಇಷ್ಟವಾದ ಭಾಗ. 'ಎಟ್ಸಾ'ದ ಬೇರು ಸಂಸ್ಕೃತದ 'ಅದ್', ಅಂದರೆ ತಿನ್ನು ಎಂಬುದರ ಬಳಗಕ್ಕೆ ಸೇರಿದ್ದು. ಆ 'ಅದ್'ನಿಂದ ಬಂದಿದ್ದೇ ನಮ್ಮ ತಟ್ಟೆಯ 'ಅನ್ನ'. 'ವಾತರ್'ನ ಬಳಗದ್ದು 'ಉದಕ'. ಸಂಸ್ಕೃತದಿಂದ ಎರವಲು ಬಂದು ನಾವು ದಿನಾ ಆಡುವ ಪದಗಳ ದೂರದ ನೆಂಟರು ಅನತೋಲಿಯದ (ಈಗಿನ ಟರ್ಕಿಯ) ಮಣ್ಣಿನಲ್ಲಿ ಮೂರು ಸಾವಿರ ವರ್ಷಕ್ಕಿಂತ ಜಾಸ್ತಿ ಕಾಲ ಹೂತುಹೋಗಿದ್ದರು. ಹಿಟ್ಟೈಟ್ ಸಂಸ್ಕೃತ, ಜರ್ಮನ್, ಇಂಗ್ಲಿಷ್ ಎಲ್ಲ ಇರುವ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದೆ ಅಂತ ನಾರ್ವೆಯ ಕ್ನೂಟ್ಸನ್ 1902ರಲ್ಲೇ ಹೇಳಿದ್ದರು, ಈಜಿಪ್ಟಿನಲ್ಲಿ ಸಿಕ್ಕ ಎರಡು ಪತ್ರಗಳನ್ನು ನೋಡಿ. ಆಗ ಯಾರೂ ಅಷ್ಟಾಗಿ ನಂಬಲಿಲ್ಲ. ಹ್ರೋಜ್ನಿ 1915ರಲ್ಲಿ ಬರ್ಲಿನ್‌ನಲ್ಲಿ ಭಾಷಣ ಮಾಡಿದರು, 1917ರಲ್ಲಿ ಪುಸ್ತಕವಾಗಿ ವ್ಯಾಕರಣ ಕೊಟ್ಟರು.

ಒಂದು ಸಾಲು ಕೂಡಿಬಂದರೆ ಸಾಕೇ? ಸಾಲದು. ಅದಕ್ಕೆ ಪುರಾವೆ ಇತರ ಹಲಗೆಗಳಲ್ಲಿದೆ. 'ವಾತರ್' ಎಂಬುದು 'ನೀರಿನ' ಅನ್ನುವಾಗ 'ವೆತೆನಸ್' ಆಗುತ್ತದೆ, 'ರ್' ಹೋಗಿ 'ನ್' ಬರುತ್ತದೆ. ಇಂಥ ವಿಚಿತ್ರ ಬದಲಾವಣೆ ಈ ಕುಟುಂಬದ ಹಳೆಯ ಭಾಷೆಗಳಲ್ಲಿ ಮೊದಲೇ ಕಂಡಿತ್ತು. ಯಾರೋ ಎಲ್ಲಿಂದಲೋ ಎರವಲು ತಂದ ಪದ ಹೀಗೆ ರೂಪ ಬದಲಿಸುವುದಿಲ್ಲ. ಹತ್ತುಶಾದಲ್ಲೇ ಸುಮೇರಿಯನ್, ಅಕ್ಕಾಡಿಯನ್, ಹಿಟ್ಟೈಟ್ ಪದಗಳನ್ನು ಅಕ್ಕಪಕ್ಕ ಬರೆದ ಪದಪಟ್ಟಿಗಳಿವೆ. ಹಿಟ್ಟೈಟ್ ದೊರೆ ಒಂದನೇ ಹತ್ತುಶಿಲಿಯ ಕಡೆಯ ಮಾತುಗಳು ಅಕ್ಕಾಡಿಯನ್ ಮತ್ತು ಹಿಟ್ಟೈಟ್ ಎರಡರಲ್ಲೂ ಇವೆ. ಊಹೆ ಸರಿಯೋ ತಪ್ಪೋ ಅಂತ ಅಲ್ಲೇ ತಾಳೆ ನೋಡಬಹುದು.

ಈ ಕೆಲಸ ಇನ್ನೂ ಮುಗಿದಿಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಹಿಟ್ಟೈಟ್ ನಿಘಂಟಿನ ಕೆಲಸ ಶುರುವಾಗಿದ್ದು 1970ರ ದಶಕದಲ್ಲಿ, ಇನ್ನೂ ಸಾಗಿದೆ. 2023ರಲ್ಲಿ ಸಿಕ್ಕ ಒಂದು ಹಲಗೆಯಲ್ಲಿ ಹಿಟ್ಟೈಟ್ ಭಾಷೆಯ ಪೂಜಾವಿಧಿಯ ನಡುವೆ ಕಲಶ್ಮ ನಾಡಿನ ಭಾಷೆಯ ಪಠಣ ಬರುತ್ತದೆ. ಅಲ್ಲಿಯವರೆಗೆ ಆ ಭಾಷೆಯನ್ನು ಯಾರೂ ಕಂಡಿರಲಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಕೇಳಿದರೆ ನಾನು ಎರಡನೇ ಮುರ್ಶಿಲಿಯ ಪ್ರಾರ್ಥನೆ ತೋರಿಸುತ್ತೇನೆ. ಕ್ರಿಸ್ತಪೂರ್ವ 14ನೇ ಶತಮಾನದ ದೊರೆ. ನಾಡಿನಲ್ಲಿ ಇಪ್ಪತ್ತು ವರ್ಷದಿಂದ ಸಾಂಕ್ರಾಮಿಕ ರೋಗ, ಜನ ಸಾಯುತ್ತಲೇ ಇದ್ದಾರೆ. ಕಾರಣ ಹುಡುಕುತ್ತಾ ಅವನೂ ಹಳೆಯ ಹಲಗೆಗಳನ್ನು ತೆಗೆಸಿ ಓದಿಸುತ್ತಾನೆ. ತಂದೆ ಈಜಿಪ್ಟಿಗೆ ಕೊಟ್ಟ ಮಾತು ಮುರಿದಿದ್ದು ಒಂದರಲ್ಲಿ ಸಿಗುತ್ತದೆ. ತಂದೆಯ ತಪ್ಪು ಮಗನ ತಲೆಗೆ ಬಂತು ಅಂತ ದೇವರ ಮುಂದೆ ಒಪ್ಪಿಕೊಳ್ಳುತ್ತಾನೆ. ಹಕ್ಕಿ ಗೂಡಿನ ಆಸರೆ ಹುಡುಕುತ್ತದೆ, ಗೂಡು ಅದರ ಜೀವ ಉಳಿಸುತ್ತದೆ ಅಂತ ಹೇಳಿ, ತನ್ನನ್ನೂ ಹಾಗೇ ಕಾಪಾಡು ಅಂತ ಬೇಡಿಕೊಳ್ಳುತ್ತಾನೆ.