ಮೈನಸ್ 191 ಕೋಟಿ ಕೆಜಿ ಅಡಕೆ

ಶಿರಸಿ ಹತ್ರ ನಮ್ದು ಅಡಕೆ ತೋಟ, ನಾನು ಮನೇಲೇ ಕೂತು ಪ್ರೋಗ್ರಾಂ ಬರೀತೇನೆ. ಕೆಲವು ವರ್ಷದ ಹಿಂದೆ ಕೇರಿಯ ನಾಲ್ಕೈದು ಮನೆಗೆ ಅಂತ ಅಡಕೆ ತೂಕ ಬರೆದಿಡೋ ಒಂದು ಸಣ್ಣ ಮಷಿನ್ ಮಾಡಿದ್ದೆ, ಅದರ ಪ್ರೋಗ್ರಾಂ ಸಿ ಭಾಷೇಲಿ. ಹೆಸರಿಗೆ 20 ಬೈಟ್ ಜಾಗ, ಅದಕ್ಕೆ ತಾಗಿಕೊಂಡೇ ತೂಕಕ್ಕೆ 4 ಬೈಟ್. ವಿಶ್ವೇಶ್ವರ ಅಂತ ಇಂಗ್ಲಿಷಲ್ಲಿ ಹೊಡೆದು ನೋಡಿದೆ, 12 ಅಕ್ಷರ, ಅಂದ್ರೆ 12 ಬೈಟ್, ಸರಿಯಾಗಿ ಕೂತ್ಕೊಳ್ತು. ಆಮೇಲೆ ಎಲ್ರೂ ಹೆಸರು ಕನ್ನಡದಲ್ಲೇ ಇರ್ಲಿ ಅಂದ್ರು, ಬದಲಾಯಿಸಿದೆ. ಮರುದಿನ ನೋಡಿದ್ರೆ ವಿಶ್ವೇಶ್ವರ ಮಾವನ ತೂಕ ಮೈನಸ್ 191,75,91,370 ಕೆಜಿ!

ಆಗಿದ್ದು ಇಷ್ಟೆ. ಅಕ್ಷರಗಳನ್ನ ಬೈಟಾಗಿ ಬರೆದಿಡೋ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು, ಗುಣಿತ ಬೇರೆ, ಒತ್ತಿನ ಹಲಂತ ಬೇರೆ, ಹಾಗಾಗಿ ವಿಶ್ವೇಶ್ವರ ಅಂದ್ರೆ 10 ಚಿಹ್ನೆ, 30 ಬೈಟ್, ಹೆಸರು ಮುಗೀತು ಅಂತ ಸಿ ಕೊನೇಲಿ ಹಾಕೋ ಸೊನ್ನೆ ಸೇರಿ 31. ಜಾಗ ಇದ್ದಿದ್ದು 20. ಉಳಿದ 11 ಬೈಟು ತುಂಬಿದ ಕೊಡದಿಂದ ನೀರು ಚೆಲ್ಲಿದ ಹಾಗೆ ಪಕ್ಕಕ್ಕೆ ಚೆಲ್ಲಿ, ಅದರಲ್ಲಿ ಮೊದಲ 4 ತೂಕದ ಮೇಲೆ ಕೂತವು. ಬರೆದ ಕೋಡನ್ನ ಮಷಿನ್ ಭಾಷೆಗೆ ತಿರುಗಿಸೋ ಕಂಪೈಲರ್ ಒಂದು ಮಾತೂ ಆಡ್ಲಿಲ್ಲ, ಪ್ರೋಗ್ರಾಂ ನಿಲ್ಲಲೂ ಇಲ್ಲ.

ಗೆಳೆಯ ಒಬ್ಬ ಹೇಳಿದ, ಇದು ಸಿ ತಪ್ಪಲ್ಲ, ನೀನು ಜಾಗ್ರತೆ ಮಾಡ್ಬೇಕಿತ್ತು ಅಂತ. ಹೌದು, ಮಾಡ್ಬೇಕಿತ್ತು. ಆದ್ರೆ ಈ ಮಾತು ಕೇಳಿದಾಗೆಲ್ಲ ನಂಗೆ ಅಡಕೆ ಕೊನೆ ಕೊಯ್ಯೋ ನಮ್ಮ ಕೊನೆಗೌಡ್ರು ನೆನಪಾಗ್ತಾರೆ. ಕಾಲಿಗೆ ತಳೆ ಹಾಕ್ಕೊಂಡು ಮರ ಹತ್ತಿದ್ರೆ ಕೆಳಗೆ ಇಳೀದೇ ಒಂದು ಮರದಿಂದ ಇನ್ನೊಂದಕ್ಕೆ ಜೋತು ದಾಟ್ತಿದ್ರು, ಅವ್ರಷ್ಟು ಜಾಗ್ರತೆಯ ಮನುಷ್ಯನ್ನ ನಾನು ನೋಡ್ಲಿಲ್ಲ, ಅವ್ರೂ ಒಂದಿನ ಜಾರಿ ಬಿದ್ದು ಸೊಂಟ ಮುರ್ಕೊಂಡ್ರು. "ಮರ ಜಾರೂದು ಮೊದ್ಲೇ ಗೊತ್ತಾಗೂದಿಲ್ಲ ತಮಾ" ಅಂದಿದ್ರು. ಈಗ ಫೈಬರ್ ದೋಟಿ ಬಂದದೆ, ನೆಲದ ಮೇಲೆ ನಿಂತು ಕೊನೆ ಕೊಯ್ತಾರೆ. ದೋಟಿ ಹಿಡಿಯೋಕೂ ಕೈ ಪಳಗಬೇಕು, ಆದ್ರೆ ಕೈ ತಪ್ಪಿದ್ರೆ ಮನುಷ್ಯ ಮರದಿಂದ ಬೀಳೋದಿಲ್ಲ.

ಸಿ ಹುಟ್ಟಿದ್ದು 1970ರ ದಶಕದ ಶುರುವಿಗೆ, ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೇಲಿ. ಮೆಮೊರಿ ಕಡಿಮೆ, ಪ್ರತಿ ಸಲ ಗಡಿ ಚೆಕ್ ಮಾಡೋದು ದುಬಾರಿ, ಹಾಗಾಗಿ ಬರೆಯೋನನ್ನ ನಂಬಿದ್ರು. ಆ ನಂಬಿಕೆಗೆ ಕೊಟ್ಟ ಬೆಲೆ ನೋಡಿ. 1988ರಲ್ಲಿ ಮಾರಿಸ್ ವರ್ಮ್ ಅನ್ನೋ, ತಾನೇ ತಾನಾಗಿ ಹರಡೋ ಪ್ರೋಗ್ರಾಂ ಇಂಟರ್ನೆಟ್ ತುಂಬ ಹಬ್ಬಿದ ದಾರಿಗಳಲ್ಲಿ ಒಂದು, ಫಿಂಗರ್ ಅನ್ನೋ ಸರ್ವಿಸಿನ 512 ಬೈಟ್ ಜಾಗಕ್ಕೆ ಅದಕ್ಕಿಂತ ಜಾಸ್ತಿ ತುಂಬಿದ್ದು, ಥೇಟ್ ನನ್ನ ತಪ್ಪೇ. 2014ರ ಹಾರ್ಟ್‌ಬ್ಲೀಡ್ ಅನ್ನೋ ದೋಷ ಇದರ ಉಲ್ಟಾ, ಒಂದೆರಡು ಬೈಟ್ ಕಳಿಸಿ 64 ಕೆಬಿ ವಾಪಸ್ ಕೊಡು ಅಂದ್ರೆ ಸರ್ವರ್ ಅಳತೆ ನೋಡದೆ ಪಕ್ಕದ ಮೆಮೊರಿಯನ್ನೂ ಸೇರಿಸಿ ಕೊಟ್ಟುಬಿಡ್ತಿತ್ತು, ಪಾಸ್‌ವರ್ಡ್ ಎಲ್ಲ. ತಾನು ಸರಿಪಡಿಸೋ ಸೆಕ್ಯುರಿಟಿ ದೋಷಗಳಲ್ಲಿ ಸುಮಾರು 70% ಈ ಮೆಮೊರಿ ಜಾತಿಯವೇ ಅಂತ ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಅಲ್ಲಿ ಕೂತವರೆಲ್ಲ ಅಜಾಗ್ರತೆಯವರಾ? ಆಂಡ್ರಾಯ್ಡಲ್ಲಿ ಹೊಸ ಕೋಡನ್ನ, ಮೆಮೊರಿ ಗಡಿಯನ್ನ ತಾನೇ ಕಾಯೋ ರಸ್ಟ್ ಥರದ ಭಾಷೇಲಿ ಬರೆಯೋಕೆ ಶುರು ಮಾಡಿದ್ಮೇಲೆ ಈ ಪಾಲು 2019ರ 76%ನಿಂದ 2024ಕ್ಕೆ 24%ಗೆ ಇಳೀತು. ಜನರಿಗೆ ಜಾಗ್ರತೆ ಹೇಳಿ ಇಳಿಸಿದ್ದಲ್ಲ ಅದು, ದೋಟಿ ಕೊಟ್ಟು ಇಳಿಸಿದ್ದು.

ನನ್ನ ಮಷಿನ್ನನ್ನೂ ಆಮೇಲೆ ರಸ್ಟಲ್ಲಿ ಬರೆದೆ, ಹಳೇ ಅಭ್ಯಾಸದಲ್ಲಿ ಹೆಸರಿನ ಮೊದಲ 20 ಬೈಟ್ ಸಾಕು ಅಂತ ಕತ್ತರಿಸೋಕೆ ಹೋದೆ. ಪ್ರೋಗ್ರಾಂ ಅಲ್ಲೇ ನಿಂತಿತು, 20ನೇ ಬೈಟು 'ಶ' ಅಕ್ಷರದ ಒಳಗೆ ಬರ್ತದೆ, ಶ ಇರೋದು 18 ಮತ್ತು 21ರ ನಡುವೆ ಅಂತ ಲೆಕ್ಕ ಸಮೇತ ಹೇಳ್ತು! ಅವತ್ತು ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಹೇಳೋಕಾಗಲ್ಲ. ಹಾಗಂತ 18ಕ್ಕೆ ಕತ್ತರಿಸಿದ್ರೆ ರಸ್ಟಿಗೆ ಏನೂ ತಕರಾರಿಲ್ಲ, ಪಟ್ಟೀಲಿ 'ವಿಶ್ವೇ' ಅಂತ ಉಳೀತದೆ, ಅದು ನಮ್ಮೂರಲ್ಲಿ ಯಾರ ಹೆಸರೂ ಅಲ್ಲ. ಅದನ್ನ ಯಾವ ಕಂಪೈಲರೂ ನಂಗೆ ಹೇಳ್ಕೊಡೋದಿಲ್ಲ. ಅಳತೆ ಕಟ್ಟೋದನ್ನೇ ಬಿಟ್ಟು ಹೆಸರು ಎಷ್ಟುದ್ದ ಇದ್ರೂ ಪೂರ್ತಿ ಹಿಡಿಯೋ ಹಾಗೆ ಮಾಡಿದೆ, ಈಗ ವಿಶ್ವೇಶ್ವರ ಮಾವನ ಹೆಸರೂ ತೂಕವೂ ಎರಡೂ ಸರಿ ಬರ್ತಿದೆ.