ಕಬ್ಬಿಣಾಂಶದ ಬಾಗಿಲು ಕಾಯುವ ಹೆಪ್ಸಿಡಿನ್

ವಯಸ್ಕರ ದೇಹದಲ್ಲಿರುವ ಕಬ್ಬಿಣಾಂಶ ಒಟ್ಟು 3ರಿಂದ 4 ಗ್ರಾಂ. ಹೊಸ ಕೆಂಪು ರಕ್ತಕಣ ತಯಾರಿಸಲು ಅಸ್ಥಿಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಬೇಕು. ಊಟದಿಂದ ರಕ್ತಕ್ಕೆ ಸೇರುವುದು ಒಂದೆರಡು ಮಿಲಿಗ್ರಾಂ ಅಷ್ಟೆ. ಮಿಕ್ಕಿದ್ದೆಲ್ಲ ಹಳೆಯ ರಕ್ತಕಣಗಳನ್ನು ಒಡೆದು ಮರಳಿ ಪಡೆದದ್ದು. ಉಪ್ಪು ಹೆಚ್ಚಾದರೆ ಮೂತ್ರಪಿಂಡ ಹೊರಹಾಕುತ್ತದೆ. ಕಬ್ಬಿಣಾಂಶಕ್ಕೆ ಅಂಥ ದಾರಿಯೇ ಇಲ್ಲ. ಹಾಗಾಗಿ ಒಳಗೆ ಬಿಡುವಾಗಲೇ ಲೆಕ್ಕ ಹಿಡಿಯಬೇಕು. ಆ ಲೆಕ್ಕ ಯಾರ ಕೈಯಲ್ಲಿದೆ ಎಂಬುದು 2000ದವರೆಗೂ ಒಗಟಾಗಿತ್ತು.

ಒಗಟು ಬಿಡಿಸಿದವರಲ್ಲಿ ತೋಮಸ್ ಗ್ಯಾಂಜ್ ಪ್ರಮುಖರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶ್ವಾಸಕೋಶ ತಜ್ಞರಾದ ಅವರು ಮೊದಲಿಗೆ ಕಬ್ಬಿಣಾಂಶದ ಹಿಂದೆ ಹೋದವರೇ ಅಲ್ಲ. 1980ರ ದಶಕದಲ್ಲಿ ಅವರು ಅಧ್ಯಯನ ಮಾಡಿದ್ದು ಬಿಳಿ ರಕ್ತಕಣಗಳಲ್ಲಿರುವ, ಬ್ಯಾಕ್ಟೀರಿಯಾ ಕೊಲ್ಲುವ ಡಿಫೆನ್ಸಿನ್‌ಗಳನ್ನು. ಅಂಥವೇ ಬೇರೆ ಪೆಪ್ಟೈಡ್‌ಗಳಿಗಾಗಿ ಮನುಷ್ಯರ ಮೂತ್ರವನ್ನು ಶೋಧಿಸುವಾಗ, 25 ಅಮೈನೋ ಆಮ್ಲಗಳ ಒಂದು ಪುಟ್ಟ ಪೆಪ್ಟೈಡ್ (ಪ್ರೋಟೀನ್‌ನಂಥದೇ ಚಿಕ್ಕ ಸರಪಳಿ) ಸಿಕ್ಕಿತು. ಅದು ಹುಟ್ಟುವುದು ಲಿವರ್‌ನಲ್ಲಿ. 2001ರಲ್ಲಿ ಅವರ ತಂಡ ಅದನ್ನು ಹೆಪ್ಸಿಡಿನ್ ಎಂದು ಕರೆಯಿತು. ಜರ್ಮನಿಯ ತಂಡವೊಂದು ಅದನ್ನೇ ರಕ್ತದಿಂದ ಬೇರ್ಪಡಿಸಿ, ಬೇರೆ ಹೆಸರಿನಲ್ಲಿ ಹಿಂದಿನ ವರ್ಷವೇ ಪ್ರಕಟಿಸಿತ್ತು.

ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಹೆಪ್ಸಿಡಿನ್ ಅಂಥ ಗಟ್ಟಿಯಾದದ್ದೇನಲ್ಲ. ಆದರೆ ಮೂತ್ರದ ಮಾದರಿ ಕೊಡುತ್ತಿದ್ದ ಒಬ್ಬರಿಗೆ ಸೋಂಕು ತಗುಲಿದಾಗ ಅದರ ಪ್ರಮಾಣ ಸುಮಾರು 100 ಪಟ್ಟು ಏರಿತು. ಅದೇ ಹೊತ್ತಿಗೆ ಫ್ರಾನ್ಸ್‌ನಲ್ಲಿ ಹೆಪ್ಸಿಡಿನ್ ಇಲ್ಲದ ಇಲಿಗಳ ಲಿವರ್ ತುಂಬ ಕಬ್ಬಿಣಾಂಶ ಕಂಡಿತು. ಅದನ್ನು ಅತಿಯಾಗಿ ತಯಾರಿಸುವ ಇಲಿಗಳಿಗೆ ತೀವ್ರ ರಕ್ತಹೀನತೆ ಬಂತು. ಲೆಕ್ಕ ಹಿಡಿಯುವುದು ಹೆಪ್ಸಿಡಿನ್ ಎಂಬುದು ಇದರಿಂದ ಗೊತ್ತಾಯಿತು.

ಅದು ಕೆಲಸ ಮಾಡುವ ಬಗೆಯನ್ನು 2004ರಲ್ಲಿ ಎಲಿಜಬೆಟಾ ನೆಮೆತ್, ಗ್ಯಾಂಜ್ ಮತ್ತು ಸಂಗಡಿಗರು ತೋರಿಸಿದರು. ಜೀವಕೋಶದಿಂದ ರಕ್ತಕ್ಕೆ ಕಬ್ಬಿಣಾಂಶ ದಾಟಲು ಇರುವ ಬಾಗಿಲು ಫೆರೋಪೋರ್ಟಿನ್ ಎಂಬ ಪ್ರೋಟೀನ್. ಹೆಪ್ಸಿಡಿನ್ ಬಂದು ಅಂಟಿಕೊಂಡರೆ ಜೀವಕೋಶವು ಆ ಬಾಗಿಲನ್ನೇ ಒಳಗೆಳೆದು ಅರಗಿಸಿಬಿಡುತ್ತದೆ. ಕರುಳಿನ ಒಳಪದರದ ಕೋಶ ಊಟದಿಂದ ಹೀರಿದ ಕಬ್ಬಿಣಾಂಶ ಆಗ ಅಲ್ಲೇ ಸಿಕ್ಕಿಬೀಳುತ್ತದೆ. ಆ ಕೋಶದ ಆಯಸ್ಸು ಕೆಲವೇ ದಿನ. ಅದು ಉದುರಿದಾಗ ಕಬ್ಬಿಣಾಂಶವೂ ಮಲದಲ್ಲಿ ಹೋಗುತ್ತದೆ.

ಬಹುಕಾಲದ ಉರಿಯೂತ, ಸೋಂಕು ಇರುವವರ ರಕ್ತಹೀನತೆ ಕಬ್ಬಿಣಾಂಶದ ಮಾತ್ರೆಗೆ ಯಾಕೆ ಬಗ್ಗುವುದಿಲ್ಲ ಎಂಬುದು ಇಲ್ಲಿ ತಿಳಿಯಿತು. ಉರಿಯೂತದಲ್ಲಿ ಐಎಲ್-6 ಎಂಬ ಸಂಕೇತ ಏರುತ್ತದೆ. ಅದನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟಾಗ ಗಂಟೆಗಳಲ್ಲೇ ಹೆಪ್ಸಿಡಿನ್ ಏರಿ, ರಕ್ತದಲ್ಲಿನ ಕಬ್ಬಿಣಾಂಶ ಮೂರನೇ ಒಂದರಷ್ಟು ಕುಸಿಯಿತು. ಉರಿಯೂತ ಇರುವವರಲ್ಲಿ, ದೇಹ ಕೂಡಿಟ್ಟ ಕಬ್ಬಿಣಾಂಶ ಎಷ್ಟೆಂದು ತಿಳಿಸುವ ಫೆರಿಟಿನ್ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ: ಉರಿಯೂತವೇ ಫೆರಿಟಿನ್ ಏರಿಸುವುದರಿಂದ, ನಿಜವಾದ ಕೊರತೆ ಮರೆಯಾಗಿಬಿಡಬಹುದು.

ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆಯಾದ ಥಲಸ್ಸೇಮಿಯಾದಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. 2014ರಲ್ಲಿ ಲಿಯೊನ್ ಕೌಟ್ಜ್, ನೆಮೆತ್, ಗ್ಯಾಂಜ್ ಅವರ ತಂಡ ಎರಿತ್ರೋಫೆರೋನ್ ಎಂಬ ಹಾರ್ಮೋನನ್ನು ಗುರುತಿಸಿತು. ಎಳೆಯ ಕೆಂಪು ಕಣಗಳು ಇದನ್ನು ಸುರಿಸಿ, ಹೆಪ್ಸಿಡಿನ್ ತಗ್ಗಿಸು ಎಂದು ಲಿವರ್‌ಗೆ ಹೇಳುತ್ತವೆ. ತೀವ್ರ ಥಲಸ್ಸೇಮಿಯಾದಲ್ಲಿ ಮಜ್ಜೆ ಕಣಗಳನ್ನು ಮಾಡುತ್ತಲೇ ಇರುತ್ತದೆ, ಅವು ಬಲಿಯುವ ಮೊದಲೇ ಸಾಯುತ್ತವೆ. ಬಾಗಿಲು ತೆರೆದೇ ಉಳಿದು, ರಕ್ತ ಕೊಡಿಸದವರಲ್ಲೂ ಲಿವರ್‌ನಲ್ಲಿ ಕಬ್ಬಿಣಾಂಶ ಜಮೆಯಾಗುತ್ತದೆ. ಕೊಡಿಸಿದರೆ ಪ್ರತಿ ಯೂನಿಟ್ ಜತೆ ಇನ್ನೂ 200ರಿಂದ 250 ಮಿಲಿಗ್ರಾಂ. ಕಬ್ಬಿಣಾಂಶದ ಕೊರತೆಯಲ್ಲೂ ಥಲಸ್ಸೇಮಿಯಾದಲ್ಲೂ ಕೆಂಪು ಕಣ ಚಿಕ್ಕದಾಗಿರುತ್ತದೆ. ಅದೊಂದನ್ನೇ ನೋಡಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ಸರಿಯಲ್ಲ ಎನ್ನುವುದು ಇದಕ್ಕೇ. ಫೆರಿಟಿನ್ ಜತೆ, ಥಲಸ್ಸೇಮಿಯಾದ ಸುಳಿವು ಕೊಡುವ ಹಿಮೋಗ್ಲೋಬಿನ್ ಎ2 ಪ್ರಮಾಣವನ್ನೂ ನೋಡಬೇಕು.

ಮಾತ್ರೆಯ ವೇಳೆಗೂ ಹೆಪ್ಸಿಡಿನ್‌ಗೂ ನಂಟಿದೆ. 60 ಮಿಲಿಗ್ರಾಂ ಕಬ್ಬಿಣಾಂಶ ನುಂಗಿದರೆ ಹೆಪ್ಸಿಡಿನ್ ಏರಿ ಸುಮಾರು 24 ಗಂಟೆ ಹಾಗೇ ಉಳಿಯುತ್ತದೆ. ಮರುದಿನದ ಮಾತ್ರೆಗೆ ಬಾಗಿಲು ಅರೆ ಮುಚ್ಚಿರುತ್ತದೆ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಕಬ್ಬಿಣಾಂಶ ಕಡಿಮೆಯಿದ್ದ ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಾ ನುಂಗಿದವರು ಮಾತ್ರೆಯ 16.3%ರಷ್ಟು ಹೀರಿಕೊಂಡರೆ ದಿನ ಬಿಟ್ಟು ದಿನ ನುಂಗಿದವರು 21.8%ರಷ್ಟು ಹೀರಿಕೊಂಡರು. ಗರ್ಭಿಣಿಯರಿಗೆ ನಮ್ಮ ಸರ್ಕಾರಿ ಕಾರ್ಯಕ್ರಮ ಹೇಳುವುದು ದಿನಕ್ಕೊಂದು ಮಾತ್ರೆ. ಅದನ್ನು ವೈದ್ಯರನ್ನು ಕೇಳದೆ ಬದಲಿಸಬಾರದು. ಹೆಪ್ಸಿಡಿನ್ ಕಡಿಮೆ ಇರುವುದು ಬೆಳಿಗ್ಗೆ, ಆದ್ದರಿಂದ ಮಾತ್ರೆಗೆ ಆ ಹೊತ್ತೇ ಒಳ್ಳೆಯದು. ನಮ್ಮಲ್ಲಿ ಅದೇ ಕಾಫಿಯ ಹೊತ್ತೂ ಹೌದು, ಕಾಫಿಯ ಪಾಲಿಫಿನಾಲ್‌ಗಳು ಕಬ್ಬಿಣಾಂಶವನ್ನು ಕರುಳಿನಲ್ಲೇ ಹಿಡಿದಿಡುತ್ತವೆ. ಮಾತ್ರೆಯನ್ನು ನಿಂಬೆ ಪಾನಕದೊಂದಿಗೆ ನುಂಗಿ, ಕಾಫಿಯನ್ನು ಎರಡು ಗಂಟೆ ಮುಂದೆ ಹಾಕಬಹುದು.