ಪದ ಪರಿಚಯ: ಕಿಬ್ಬುತ್ಸ್

ಹೀಬ್ರೂ ಭಾಷೆಯಲ್ಲಿ ‘ಕಿಬ್ಬುತ್ಸ್’ ಎಂದರೆ ಒಟ್ಟುಗೂಡುವಿಕೆ. ಇಸ್ರೇಲಿನ ಸಾಮುದಾಯಿಕ ಹಳ್ಳಿಗಳಿಗೆ ಇಂದು ಸಲ್ಲುವ ಈ ಹೆಸರು ಅವುಗಳಲ್ಲಿ ಮೊದಲನೆಯದಕ್ಕೆ ಆರಂಭದಲ್ಲಿ ಇರಲಿಲ್ಲ. 1910ರ ಅಕ್ಟೋಬರಿನಲ್ಲಿ, ಆಗಿನ್ನೂ ಒಟ್ಟೋಮನ್ ಆಳ್ವಿಕೆಯಲ್ಲಿದ್ದ ಪ್ಯಾಲೆಸ್ಟೀನಿನಲ್ಲಿ, ಜೋರ್ಡನ್ ನದಿ ಗಲಿಲೀ ಸರೋವರದಿಂದ ಹೊರಬೀಳುವ ಕಡೆ, ಹತ್ತು ಮಂದಿ ಯಹೂದಿ ಯುವಕರೂ ಇಬ್ಬರು ಯುವತಿಯರೂ ಉಮ್ ಜೂನಿ ಎಂಬ ಅರಬ್ ಹಳ್ಳಿಯ ಮಣ್ಣಿನ ಗುಡಿಸಲುಗಳಲ್ಲಿ ನೆಲೆಸಿ ಬೇಸಾಯಕ್ಕೆ ತೊಡಗಿದರು. ಅವರು ತಮ್ಮನ್ನು ‘ಕ್ವುತ್ಸಾ’, ಅಂದರೆ ಗುಂಪು, ಎಂದು ಕರೆದುಕೊಂಡರು. ಊರಿಗೆ ಇಟ್ಟ ಹೆಸರು ದೆಗಾನ್ಯಾ. ‘ದಗಾನ್’ ಎಂದರೆ ಕಾಳು, ಧಾನ್ಯ.

ಕ್ವುತ್ಸಾ, ಕಿಬ್ಬುತ್ಸ್ ಎರಡಕ್ಕೂ ಧಾತು ಒಂದೇ, ಆದರೆ ಗಾತ್ರ ಬೇರೆ. ಎಲ್ಲರೂ ಎಲ್ಲರನ್ನೂ ಹತ್ತಿರದಿಂದ ಬಲ್ಲಷ್ಟು ಚಿಕ್ಕದಾಗಿರಬೇಕೆಂಬುದು ಕ್ವುತ್ಸಾದ ಆಶಯವಾಗಿತ್ತು. ಆದ್ದರಿಂದಲೇ ದೆಗಾನ್ಯಾ ತಾನೇ ಬೆಳೆಯುತ್ತ ಹೋಗದೆ, 1920ರಲ್ಲಿ ಪಕ್ಕದಲ್ಲೇ ದೆಗಾನ್ಯಾ ಬೇತ್ ಎಂಬ ಎರಡನೆಯ ಊರು ಹುಟ್ಟಿತು. ಮರುವರ್ಷ ಐನ್ ಹರೋದ್‌ನಂಥ ದೊಡ್ಡ ನೆಲೆಗಳು ಬಂದ ಮೇಲೆ ಕಿಬ್ಬುತ್ಸ್ ಎಂಬ ಪದ ಬಳಕೆಗೆ ಬಂದು, ಕಾಲಕ್ರಮದಲ್ಲಿ ಚಿಕ್ಕವನ್ನೂ ಒಳಗೊಂಡಿತು.

ಇದನ್ನು ‘ಸಾಮೂಹಿಕ ಬೇಸಾಯ’ ಎಂದು ಕನ್ನಡಿಸುವುದು ನನಗೆ ಸಾಲದೆನಿಸುತ್ತದೆ. ಅಲ್ಲಿ ಕೂಡಿ ಉತ್ತಿದ್ದಷ್ಟೇ ಅಲ್ಲ, ಕೂಡಿ ಉಂಡರು. ಬಟ್ಟೆ ಒಗೆದದ್ದೂ ಒಂದೇ ಕಡೆ, ಹಣವಿದ್ದದ್ದೂ ಒಂದೇ ಪೆಟ್ಟಿಗೆಯಲ್ಲಿ. ರಕ್ತಸಂಬಂಧವಿಲ್ಲದ, ಯಜಮಾನನೂ ಇಲ್ಲದ ಒಂದು ಅವಿಭಕ್ತ ಕುಟುಂಬವೆಂದರೆ ಅರ್ಥಕ್ಕೆ ಹೆಚ್ಚು ಹತ್ತಿರವಾದೀತು. ನೆಲ ಮಾತ್ರ ಅವರದಲ್ಲ, ಯಹೂದಿ ನೆಲೆಗಳಿಗಾಗಿ ಭೂಮಿ ಕೊಳ್ಳುತ್ತಿದ್ದ ಯಹೂದಿ ರಾಷ್ಟ್ರೀಯ ನಿಧಿ ಎಂಬ ಸಂಸ್ಥೆಯದು.

ಸಮಾನತೆ ಆ ಮನೆಗೆ ತಾನಾಗಿ ಬರಲಿಲ್ಲ. ಗಂಡಸರು ಹೊಲಕ್ಕೆ, ಹೆಂಗಸರು ಅಡುಗೆ ಮತ್ತು ಬಟ್ಟೆ ಒಗೆತಕ್ಕೆ ಎಂಬ ಹಳೆಯ ಹಂಚಿಕೆಯೇ ಅಲ್ಲಿಯೂ ನಡೆದಿತ್ತು. ಸ್ಥಾಪಕರಲ್ಲಿ ಒಬ್ಬರಾದ ಮಿರಿಯಂ ಬಾರಾತ್ಸ್ ಇದನ್ನು ಒಪ್ಪದೆ, ನೆರೆಯ ಅರಬ್ ಹೆಂಗಸರಿಂದ ಹಾಲು ಕರೆಯುವುದನ್ನು ಕಲಿತು, ಹಟದಿಂದ ಕೊಟ್ಟಿಗೆಯನ್ನು ತಮ್ಮ ಕೆಲಸವಾಗಿಸಿಕೊಂಡರು. 1913ರಲ್ಲಿ ಅವರ ಮಗ ಗಿದೆಯೋನ್ ಹುಟ್ಟಿದಾಗ ಮತ್ತೊಂದು ಪ್ರಶ್ನೆ ಎದ್ದಿತು: ಮಗು ಯಾರದು, ಅದರ ಖರ್ಚು ಯಾರದು? ಖರ್ಚು ಇಡೀ ಗುಂಪಿನದೆಂದು ತೀರ್ಮಾನವಾಯಿತು. ಕಿಬ್ಬುತ್ಸ್ ಪದದ ನಿಜವಾದ ತೂಕ ನನಗೆ ಕಾಣುವುದು ಈ ತೀರ್ಮಾನದಲ್ಲಿಯೇ.

ಇದರೊಡನೆ ಬೆರೆಸಬಾರದ ಪದ ‘ಮೊಷಾವ್’. ದೆಗಾನ್ಯಾವನ್ನು ತೊರೆದ ಕೆಲವರೂ ಸೇರಿ 1921ರಲ್ಲಿ ಕಟ್ಟಿದ ನಹಲಾಲ್ ಅದರ ಮೊದಲ ಮಾದರಿ. ಅಲ್ಲಿ ಸಹಕಾರವುಂಟು, ಆದರೆ ಮನೆ ಮತ್ತು ಸಾಗುವಳಿ ಆಯಾ ಕುಟುಂಬದ್ದು.

2007ರಲ್ಲಿ ದೆಗಾನ್ಯಾದ ಸದಸ್ಯರು ಸಮಾನ ಹಂಚಿಕೆಯನ್ನು ಮತದಿಂದ ಕೈಬಿಟ್ಟರು. ಈಗ ಸಂಬಳ ಅವರವರ ಕೆಲಸಕ್ಕೆ ತಕ್ಕಂತೆ. ಕಡಿಮೆ ಗಳಿಸುವವರಿಗಾಗಿ ಹೆಚ್ಚು ಗಳಿಸುವವರು ಊರಿನ ನಿಧಿಗೆ ತೆರಿಗೆ ಕಟ್ಟುತ್ತಾರೆ.